ಒಂದು ದಿನ ಹೆಚ್ಚಿಗೆ ಇಟ್ಟುಕೋ

ಮಗಾ, ಲಕ್ಷದ್ವೀಪದ ಕಡಮತ್‌ಗೆ ಹೋಗಿ ಸ್ಕೂಬಾ ಡೈವಿಂಗ್ ಮಾಡುತ್ತೇನೆ ಎಂದೆಯಲ್ಲ, ಕೇಳಿ ಖುಷಿಯಾಯಿತು. ಬೀಜಾಡಿಯ ನಮ್ಮ ತಲೆಮಾರಿನವರು ಕಡಲಿನ ಮೇಲನ್ನಷ್ಟೇ ನೋಡಿ ಬದುಕಿದವರು. ಒಳಗನ್ನು ನೋಡುವ ಯೋಗ ನಿಮಗೆ ಬಂದಿದೆ, ಹೋಗಿ ಬಾ. ಆದರೆ ನೀನು ತೋರಿಸಿದ ಪಟ್ಟಿಯಲ್ಲಿ ರಜೆಯ ಪ್ರತಿ ದಿನವೂ ಭರ್ತಿ. ಹೊರಡುವ ದಿನ ಬೆಳಿಗ್ಗೆಯೂ ಒಂದು ಡೈವ್, ಮಧ್ಯಾಹ್ನ ಅಗತ್ತಿಯಿಂದ ಕೊಚ್ಚಿಗೆ ವಿಮಾನ. ಖಾಲಿ ದಿನ ಎಲ್ಲಿದೆ?

ನಮ್ಮ ಕೈರಂಪಣಿ ಬಲೆ ಎಳೆಯುವವರನ್ನು ನೋಡಿದ್ದೀಯಲ್ಲ. ದೋಣಿ, ಬಲೆ, ಜನ ಎಲ್ಲ ಸಿದ್ಧವಿದ್ದರೂ ಹಿರಿಯರೊಬ್ಬರು ನೀರು ನೋಡಿ ‘ಇವತ್ತ್ ಬ್ಯಾಡ’ ಎಂದರೆ ಮುಗಿಯಿತು, ಯಾರೂ ವಾದಕ್ಕಿಳಿಯುವುದಿಲ್ಲ. ಅವರಿಗೆ ನಾಳೆ ಇದೆ. ದುಡ್ಡು ಕಟ್ಟಿ ದೂರದಿಂದ ಬಂದವನಿಗೆ ನಾಳೆ ಇಲ್ಲದಿದ್ದರೆ, ಗಾಳಿ ಎದ್ದರೂ ಮೂಗು ಕಟ್ಟಿದ್ದರೂ ಇಳಿಯುವ ಮನಸ್ಸಾಗುತ್ತದೆ. ನನಗೆ ಹೆದರಿಕೆ ಅದೊಂದೇ.

ತಿಂಗಳು ಆರಿಸುವಾಗ ರಜೆಗಿಂತ ಮೊದಲು ಕಡಲನ್ನು ನೋಡು. ಜೂನ್ 1ರಿಂದ ಜುಲೈ 31ರವರೆಗೆ ಇಲ್ಲಿ ಯಾಂತ್ರೀಕೃತ ಮೀನುಗಾರಿಕೆಗೇ ನಿಷೇಧ. ಡೈವಿಂಗ್ ಹಂಗಾಮು ಸಾಮಾನ್ಯವಾಗಿ ಅಕ್ಟೋಬರಿನಿಂದ ಮೇ ತನಕ. ಅದರಲ್ಲೂ ಮೊದಲ ತಿಂಗಳುಗಳನ್ನೂ ಕೊನೆಯ ತಿಂಗಳನ್ನೂ ನಂಬಬೇಡ. 2017ರ ಡಿಸೆಂಬರ್ ಆರಂಭದಲ್ಲಿ ಓಖಿ ಚಂಡಮಾರುತ ಲಕ್ಷದ್ವೀಪವನ್ನು ಹೊಡೆಯಿತು. 2021ರ ಮೇ ತಿಂಗಳಲ್ಲಿ ಬಂದ ತೌಕ್ತೆ ಆ ದ್ವೀಪಗಳನ್ನೂ ನಮ್ಮ ದಂಡೆಯನ್ನೂ ಬಿಡಲಿಲ್ಲ. ನಾನಾಗಿದ್ದರೆ ಜನವರಿ, ಫೆಬ್ರವರಿ ಹಿಡಿಯುತ್ತಿದ್ದೆ.

ಕಡಮತ್‌ಗೆ ಮೊದಲು ನೇತ್ರಾಣಿಗೆ ಹೋಗು. ಹೆದ್ದಾರಿ 66ರಲ್ಲಿ ಬೈಂದೂರು ಭಟ್ಕಳ ದಾಟಿದರೆ ಮುರ್ಡೇಶ್ವರ. ಅಲ್ಲಿಂದ ಕಡಲಲ್ಲಿ ಸುಮಾರು 19 ಕಿಲೋಮೀಟರ್. ನೌಕಾಪಡೆ ಗುಂಡಿನ ಅಭ್ಯಾಸಕ್ಕೆ ಬಳಸುತ್ತಾ ಬಂದ ದ್ವೀಪ ಅದು, ಹಾಗಾಗಿ ದೋಣಿ ಬಿಡುತ್ತಾರೋ ಇಲ್ಲವೋ ಮೊದಲೇ ವಿಚಾರಿಸು. ಹೊಸಬರನ್ನು ಬೋಧಕರು ಕೈಹಿಡಿದು ಇಳಿಸುತ್ತಾರೆ, 12 ಮೀಟರಿಗಿಂತ ಆಳಕ್ಕೆ ಒಯ್ಯುವುದಿಲ್ಲ. ಬಂಡೆಯ ಸಂದಿಯಲ್ಲಿ ಗಿಳಿಮೀನು ಕಾಣುವಷ್ಟಕ್ಕೆ ಅದು ಧಾರಾಳ ಸಾಕು. ಮನೆಯಿಂದ ಹೋಗಿ ಅದೇ ದಿನ ಮನೆಗೆ ಬರಬಹುದು. ನಿನ್ನ ಕಿವಿ, ನಿನ್ನ ಎದೆ ನೀರಿನಡಿ ಏನು ಹೇಳುತ್ತವೆ ಎಂಬುದು ಅಲ್ಲೇ ಗೊತ್ತಾಗಲಿ. ಅಷ್ಟು ದೂರದ ದ್ವೀಪದಲ್ಲಿ ಮೊದಲ ಸಲ ಗೊತ್ತಾಗುವುದು ಬೇಡ.

ಈಜು ಬರುತ್ತದೆ ಎಂಬ ಧೈರ್ಯ ನಿನಗಿದೆ, ಇರಲಿ. ಆದರೆ ನಮ್ಮೂರಿನ ಹುಡುಗರು ಮುಳುಗು ಹಾಕಲು ಕಲಿಯುವುದೇ ಉಸಿರು ಕಟ್ಟಿಕೊಂಡು. ಸ್ಕೂಬಾದಲ್ಲಿ ಆ ಅಭ್ಯಾಸವೇ ಪ್ರಾಣಕ್ಕೆ ಕುತ್ತು. 10 ಮೀಟರ್ ಆಳದಲ್ಲಿ ಒತ್ತಡ ಮೇಲಿನದಕ್ಕಿಂತ ಎರಡು ಪಟ್ಟು. ಅಲ್ಲಿ ಸಿಲಿಂಡರಿನ ಗಾಳಿಯನ್ನು ಎದೆತುಂಬ ಎಳೆದು, ಕಟ್ಟಿಕೊಂಡೇ ಮೇಲೆ ಬಂದರೆ ಅಷ್ಟೇ ಗಾಳಿ ಎರಡರಷ್ಟು ಹಿಗ್ಗಿ ಶ್ವಾಸಕೋಶವನ್ನು ಹರಿಯಬಲ್ಲದು. ಏನೇ ಆಗಲಿ, ಉಸಿರಾಡುತ್ತಲೇ ಇರು. ಇಳಿಯುವಾಗ ಮೊದಲ ಒಂದು ಮೀಟರಿನಿಂದಲೇ ಮೂಗು ಹಿಡಿದು ಮೆಲ್ಲಗೆ ಊದು, ಕಿವಿಯಲ್ಲಿ ಸಣ್ಣಗೆ ‘ಟಪ್’ ಎನ್ನಬೇಕು. ಎನ್ನದಿದ್ದರೆ ಅಲ್ಲೇ ನಿಲ್ಲು, ಸ್ವಲ್ಪ ಮೇಲೆ ಬಾ, ನೋವು ತಡೆದುಕೊಂಡು ಇಳಿಯಬೇಡ. ಶೀತವಿದ್ದ ದಿನ ದೋಣಿಯಲ್ಲೇ ಕೂತಿರು. ಇನ್ನೊಂದು, ಹೆಬ್ಬೆರಳು ಎತ್ತಿ ತೋರಿಸಿದರೆ ನೀರಿನಡಿ ಅದು ‘ಚೆನ್ನಾಗಿದೆ’ ಅಲ್ಲ, ‘ಮೇಲೆ ಹೋಗೋಣ’. ಖುಷಿಯಲ್ಲಿ ಬೆರಳೆತ್ತಿ ಎಲ್ಲರ ಡೈವ್ ಮುಗಿಸಿಬಿಡಬೇಡ.

ವಿಮಾನದ ವಿಷಯ. ಆಳದಲ್ಲಿ ಉಸಿರಾಡಿದ ಗಾಳಿಯ ಸಾರಜನಕ ರಕ್ತ, ಮಾಂಸದಲ್ಲಿ ಕರಗಿ ಕೂತಿರುತ್ತದೆ, ಹೊರಹೋಗಲು ಅದಕ್ಕೆ ಹೊತ್ತು ಬೇಕು. ಅಷ್ಟರೊಳಗೆ ವಿಮಾನ ಹತ್ತಿದರೆ ಅಲ್ಲಿ ಗಾಳಿಯ ಒತ್ತಡ ಕಡಿಮೆ. ಕರಗಿದ್ದು ಗುಳ್ಳೆಗಳಾಗಿ ಕೀಲು, ಬೆನ್ನುಹುರಿಯಲ್ಲಿ ಸಿಕ್ಕಿಕೊಳ್ಳಬಹುದು. ಹಲವು ಡೈವ್ ಮಾಡಿದವರು ಕನಿಷ್ಠ 18 ಗಂಟೆ ಕಾಯಬೇಕೆಂದು ನಿಯಮ, 24 ಆದರೆ ಇನ್ನೂ ಒಳ್ಳೆಯದು. ಆದ್ದರಿಂದ ನಿನ್ನ ಕೊನೆಯ ಬೆಳಗಿನ ಡೈವ್ ಹೊಡೆದುಹಾಕು, ಇದರಲ್ಲಿ ಚೌಕಾಸಿ ಇಲ್ಲ. ಆ ದಿನ ಕಡಮತ್‌ನ ಜನರ ಜೊತೆ ಕೂತು ಮಾತಾಡು. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರಾ ದ್ವೀಪಗಳು 1956ರವರೆಗೆ ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು, ಆಡಳಿತ ಮಂಗಳೂರಿನಿಂದ. ಅಲ್ಲಿನ ತೆಂಗಿನ ನಾರು, ಕೊಬ್ಬರಿ ಮಂಗಳೂರು ಬಂದರಿಗೆ ಬಂದು, ಅಕ್ಕಿ ಅಲ್ಲಿಗೆ ಹೋಗುತ್ತಿತ್ತು. ನೀನು ಹೋಗುತ್ತಿರುವುದು ತೀರಾ ಪರದೇಶಕ್ಕಲ್ಲ.

ಹವಳದ ಚೂರನ್ನೂ ನೆನಪಿಗೆಂದು ತರಬೇಡ, 1972ರ ವನ್ಯಜೀವಿ ಕಾಯ್ದೆಯಡಿ ಅದು ಅಪರಾಧ. ಪ್ರವೇಶ ಪರವಾನಗಿಗೆ ಮುಂಚಿತವಾಗಿ ಅರ್ಜಿ ಹಾಕು. ಗುಳ್ಳೆಗಳಿಂದಾಗುವ ಆ ಡೈವಿಂಗ್ ಕಾಯಿಲೆಗೆ ಒತ್ತಡ ಕೊಠಡಿಯ ಚಿಕಿತ್ಸೆ ಎಲ್ಲಿದೆ, ಅಲ್ಲಿಗೆ ಹೇಗೆ ಒಯ್ಯುತ್ತಾರೆ ಎಂದು ದುಡ್ಡು ಕಟ್ಟುವ ಮೊದಲೇ ಕೇಳು. ಸ್ಪಷ್ಟ ಉತ್ತರ ಕೊಡದವರ ಜೊತೆ ಇಳಿಯಬೇಡ. ಚಿಕ್ಕಂದಿನಲ್ಲಿ ನಿನಗೆ ದಮ್ಮು ಇತ್ತು, ವೈದ್ಯಕೀಯ ಫಾರಂನಲ್ಲಿ ಅದನ್ನು ಮುಚ್ಚಿಡಬೇಡ. ಈ ವಾರವೇ ಕುಂದಾಪುರಕ್ಕೆ ಹೋಗಿ ಡಾಕ್ಟರಿಗೆ ಎದೆ, ಕಿವಿ ಎರಡನ್ನೂ ತೋರಿಸು, ಟಿಕೆಟ್ ಆಮೇಲೆ ಮಾಡಿಸೋಣ.