ದೂರು ಕಾಗದದಲ್ಲಿರಲಿ, ಮೊಹರು ಅದರ ಮೇಲಿರಲಿ

ಮಗೂ, ನಿನ್ನ ಖಾತೆಯಿಂದಲೋ ಅಪ್ಪ ಅಮ್ಮನ ಖಾತೆಯಿಂದಲೋ ನಿಮಗೆ ಗೊತ್ತಿಲ್ಲದೆ ಹಣ ಹೋಯಿತು ಅಂತಿಟ್ಟುಕೋ. ‘ಹೋದದ್ದು ಹೋಯಿತು, ಇನ್ನು ಬರುವುದಿಲ್ಲ’ ಎಂದು ಯಾರು ಹೇಳಿದರೂ ಒಪ್ಪಬೇಡ. ಬ್ಯಾಂಕಿನ ಕೌಂಟರಿನ ಒಳಗಡೆ ಕೂತು ನಿವೃತ್ತಳಾದವಳು ನಾನು, ನಂಬಿಕೆಯಿಂದ ಹೇಳುತ್ತೇನೆ. ಹಣ ವಾಪಸ್ ಬರುವ ದಾರಿ ಇದೆ, ಅದಕ್ಕೆ ರಿಸರ್ವ್ ಬ್ಯಾಂಕಿನ ನಿಯಮವೂ ಇದೆ. ಆದರೆ ಆ ನಿಯಮ ಬಾಯಿಮಾತಿಗೆ ಬಗ್ಗುವುದಿಲ್ಲ. ‘ಮ್ಯಾನೇಜರಿಗೆ ಹೇಳಿ ಬಂದಿದ್ದೇನೆ’ ಎಂದು ಮನೆಗೆ ಬಂದು ಕಾಯುತ್ತಾ ಕೂತವರೇ ಹೆಚ್ಚು ಕಳೆದುಕೊಂಡಿದ್ದಾರೆ.

ನಮ್ಮ ಕರಾವಳಿಯಲ್ಲೇ ಆದ ಸಂಗತಿ ನೋಡು. 2023ರಲ್ಲಿ ಮಂಗಳೂರು ಕಡೆ ಜಾಗದ ನೋಂದಣಿಗೆಂದು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಬೆರಳು ಒತ್ತಿ ಬಂದ ಎಷ್ಟೋ ಜನರ ಖಾತೆಯಿಂದ ಸದ್ದಿಲ್ಲದೆ ಹಣ ಹೋಗತೊಡಗಿತು. ಒಟಿಪಿ ಇಲ್ಲ, ಕರೆ ಇಲ್ಲ, ಕಾರ್ಡ್ ಇಲ್ಲ. ಕ್ರಯಪತ್ರದಲ್ಲಿದ್ದ ಬೆರಳಚ್ಚು ಮತ್ತು ಆಧಾರ್ ಸಂಖ್ಯೆ ಕದ್ದು, ಆಧಾರ್ ಆಧಾರಿತ ಪಾವತಿ ವ್ಯವಸ್ಥೆಯಲ್ಲಿ (ಎಇಪಿಎಸ್) ಹಣ ತೆಗೆದಿದ್ದರು. ತನಿಖೆ ಬಿಹಾರದವರೆಗೆ ಹೋಗಿ ಬಂಧನಗಳೂ ಆದವು. ಹಳ್ಳಿಯ ವೃದ್ಧರಿಗೆ ಮನೆ ಬಾಗಿಲಲ್ಲೇ ಪಿಂಚಣಿ ಸಿಗಲಿ ಎಂದು ಬಂದ ಸೌಲಭ್ಯ ಈ ಪಾವತಿ ವ್ಯವಸ್ಥೆ. ಬ್ಯಾಂಕ್ ಮಿತ್ರರ ಕೈಯಲ್ಲಿರುವ ಪುಟ್ಟ ಯಂತ್ರದ ಮೇಲೆ ಬೆರಳಿಟ್ಟರೆ ಸಾಕು, ಒಮ್ಮೆಗೆ 10,000 ರೂಪಾಯಿವರೆಗೆ ತೆಗೆಯಬಹುದು. ಹಾಗಾಗಿಯೇ ಪಾಸ್‌ಬುಕ್ಕಿನಲ್ಲಿ ಈ ಕಳ್ಳತನದ ಗುರುತು ಎದ್ದು ಕಾಣುತ್ತದೆ. ಒಂದರ ಕೆಳಗೊಂದು 10,000, 10,000, 10,000, ವಿವರದ ಜಾಗದಲ್ಲಿ ‘ಎಇಪಿಎಸ್’ ಎಂಬ ಅಕ್ಷರಗಳು. ಊರಿಗೆ ಹೋದಾಗ ಅಮ್ಮನ ಪಾಸ್‌ಬುಕ್ ಎಂಟ್ರಿ ಮಾಡಿಸಿಕೊಂಡು ಬಾ, ಆ ಅಕ್ಷರಗಳನ್ನು ಹುಡುಕು. ಎಸ್ಸೆಮ್ಮೆಸ್ ಓದಲು ಬಾರದವರಿಗೆ ಗೊತ್ತಾಗುವುದು ತಿಂಗಳಾದ ಮೇಲೆಯೇ.

ಗೊತ್ತಾದ ಕ್ಷಣ ಮಾಡಬೇಕಾದ ಮೊದಲ ಕೆಲಸ 1930ಕ್ಕೆ ಕರೆ. ಸೈಬರ್ ವಂಚನೆಯ ಸಹಾಯವಾಣಿ ಅದು. ಕದ್ದ ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಜಿಗಿಯುತ್ತಿರುತ್ತದೆ, ಬೇಗ ಹೇಳಿದರೆ ನಡುದಾರಿಯಲ್ಲೇ ತಡೆಹಿಡಿಯಬಹುದು. ಬೆಳಗಾಗಲಿ, ಅಣ್ಣ ಬರಲಿ ಎಂದು ಕಾಯಬೇಡ. ಅಲ್ಲಿ ಕೊಡುವ ದೂರಿನ ಸಂಖ್ಯೆಯನ್ನು ಬರೆದಿಟ್ಟುಕೋ. ಜೊತೆಗೇ ಬ್ಯಾಂಕಿಗೆ ಹೇಳಿ ಖಾತೆಯಿಂದ ಹಣ ಹೋಗದಂತೆ ನಿಲ್ಲಿಸು. ಬ್ಯಾಂಕಿನ ಫೋನ್ ನಂಬರನ್ನು ಮಾತ್ರ ಗೂಗಲ್‌ನಲ್ಲಿ ಹುಡುಕಬೇಡ, ಪಾಸ್‌ಬುಕ್ಕಿನಲ್ಲೋ ಕಾರ್ಡಿನ ಹಿಂಬದಿಯಲ್ಲೋ ಇರುವುದನ್ನೇ ನೋಡು. ‘ನಿಮ್ಮ ಹಣ ವಾಪಸ್ ಕೊಡಿಸುತ್ತೇವೆ, ಈ ಆ್ಯಪ್ ಹಾಕಿಕೊಳ್ಳಿ’ ಎನ್ನುವವರು ಒಮ್ಮೆ ಸುಟ್ಟ ಮನೆಗೆ ಎರಡನೇ ಸಲ ಬೆಂಕಿ ಇಡಲು ಬಂದವರು.

ಈಗ ಆ ನಿಯಮದ ವಿಷಯ. ರಿಸರ್ವ್ ಬ್ಯಾಂಕ್ 2017ರ ಜುಲೈ 6ರಂದು ಹೊರಡಿಸಿದ್ದು. ಅದೇ ವರ್ಷದ ಡಿಸೆಂಬರಿನಲ್ಲಿ ಸಹಕಾರಿ ಬ್ಯಾಂಕುಗಳಿಗೂ ಬಂತು. ತಪ್ಪು ಬ್ಯಾಂಕಿನದಾದರೆ ನೀನು ದೂರು ಕೊಟ್ಟರೂ ಕೊಡದಿದ್ದರೂ ನಷ್ಟ ಪೂರ್ತಿ ಬ್ಯಾಂಕಿನದು. ತಪ್ಪು ಬ್ಯಾಂಕಿನದೂ ಅಲ್ಲ, ನಿನ್ನದೂ ಅಲ್ಲ, ನಡುವೆ ಎಲ್ಲೋ ಆಗಿದೆ ಎಂದಾದರೆ, ಬ್ಯಾಂಕಿನ ಸಂದೇಶ ಬಂದ ದಿನ ಬಿಟ್ಟು 3 ಕೆಲಸದ ದಿನಗಳೊಳಗೆ ತಿಳಿಸಿದರೆ ನಿನ್ನ ನಷ್ಟ ಸೊನ್ನೆ. ನಾಲ್ಕರಿಂದ ಏಳನೇ ದಿನದೊಳಗೆ ತಿಳಿಸಿದರೆ ಸಾಮಾನ್ಯ ಉಳಿತಾಯ ಖಾತೆಯವರು ಹೊರಬೇಕಾದದ್ದು ಹೆಚ್ಚೆಂದರೆ 10,000 ರೂಪಾಯಿ, ಶೂನ್ಯ ಶಿಲ್ಕಿನ ಮೂಲ ಉಳಿತಾಯ ಖಾತೆಯವರು 5,000. ಆಮೇಲೆ ಬಂದರೆ ಆಯಾ ಬ್ಯಾಂಕಿನ ಧೋರಣೆಯಂತೆ. ಬೆರಳಚ್ಚು ಕಳ್ಳತನದಲ್ಲಿ ಅಮ್ಮ ಮಾಡಿದ ತಪ್ಪೇನಿದೆ ಹೇಳು? ಸರ್ಕಾರಿ ಕಚೇರಿಯಲ್ಲಿ ಕೇಳಿದ ಕಡೆ ಬೆರಳು ಒತ್ತಿದಳು, ಅಷ್ಟೆ.

‘ನೀವೇ ಎಲ್ಲೋ ಹೆಬ್ಬೆಟ್ಟು ಒತ್ತಿರಬೇಕು’ ಎಂದು ಕೌಂಟರಿನಲ್ಲಿ ಹೇಳಿಯಾರು. ಧ್ವನಿ ಏರಿಸಬೇಡ, ಆದರೆ ಜಾಗ ಬಿಟ್ಟು ಏಳಲೂ ಬೇಡ. ಗ್ರಾಹಕರದೇ ತಪ್ಪು ಎಂದು ಸಾಬೀತು ಮಾಡುವ ಹೊಣೆ ಬ್ಯಾಂಕಿನ ಮೇಲಿದೆ ಎಂದು ಅದೇ ನಿಯಮ ಹೇಳುತ್ತದೆ. ಹಣ ತೆಗೆದದ್ದು ಯಾವ ಯಂತ್ರದಲ್ಲಿ, ಯಾವ ಊರಿನಲ್ಲಿ ಎಂಬ ವಿವರವನ್ನು ಬರವಣಿಗೆಯಲ್ಲಿ ಕೇಳು. ಆ ಹೊತ್ತಿಗೆ ಅಮ್ಮ ಊರಿನ ಡೇರಿಗೆ ಹಾಲು ಹಾಕಿ ಬಂದಿದ್ದರೆ ಆ ಹಾಲಿನ ಚೀಟಿಯೇ ನಿನ್ನ ಸಾಕ್ಷಿ. ಅದರ ಪ್ರತಿ ಲಗತ್ತಿಸು.

ದೂರಿನ ಪತ್ರ ಉದ್ದ ಬೇಡ. ‘ಇಂಥ ತಾರೀಕಿನಂದು ನನ್ನ ಖಾತೆಯಿಂದ ಇಷ್ಟು ಹಣ ನನ್ನ ಅನುಮತಿ ಇಲ್ಲದೆ ತೆಗೆಯಲ್ಪಟ್ಟಿದೆ. ನಾನು ಯಾರಿಗೂ ಪಿನ್, ಒಟಿಪಿ ಕೊಟ್ಟಿಲ್ಲ. ರಿಸರ್ವ್ ಬ್ಯಾಂಕಿನ ನಿಯಮದಂತೆ ಹಣ ಮರಳಿ ಜಮಾ ಮಾಡಬೇಕು’. ಇಷ್ಟು ಸಾಕು, ಇದರಲ್ಲಿ ನಿಜವಾದದ್ದನ್ನು ಮಾತ್ರ ಬರೆ. ಕೆಳಗೆ 1930ರ ದೂರಿನ ಸಂಖ್ಯೆ. ಎರಡು ಪ್ರತಿ ಒಯ್ಯಿ. ಒಂದು ಅವರ ಡ್ರಾವರಿಗೆ ಹೋಗುತ್ತದೆ; ಇನ್ನೊಂದರ ಮೇಲೆ ಶಾಖೆಯ ಮೊಹರು, ತಾರೀಕು, ತೆಗೆದುಕೊಂಡವರ ಸಹಿ. ‘ನಾಳೆ ಬಾಮ್ಮಾ, ಸೀಲ್ ಹಾಕಿಕೊಡ್ತೀವಿ’ ಎಂದರೆ ಅಲ್ಲೇ ಬೆಂಚಿನ ಮೇಲೆ ಕೂತಿರು. ಎಷ್ಟನೇ ದಿನ ತಿಳಿಸಿದೆ ಎಂಬುದರ ಮೇಲೆಯೇ ಎಲ್ಲ ನಿಂತಿರುವುದರಿಂದ ಆ ಮೊಹರಿನ ತಾರೀಕೇ ನಿನ್ನ ಹಣದ ಬೆಲೆ. ಅದೇ ದಿನ ಇಮೇಲ್ ಕೂಡ ಹಾಕು.

ಹೀಗೆ ತಿಳಿಸಿದ ಮೇಲೆ 10 ಕೆಲಸದ ದಿನಗಳಲ್ಲಿ ಬ್ಯಾಂಕು ಆ ಮೊತ್ತವನ್ನು ತಾತ್ಕಾಲಿಕವಾಗಿ ಖಾತೆಗೆ ಜಮಾ ಮಾಡಬೇಕು, 90 ದಿನಗಳೊಳಗೆ ತೀರ್ಮಾನ ಮುಗಿಸಬೇಕು. 30 ದಿನ ಕಳೆದರೂ ಉತ್ತರವಿಲ್ಲ, ಅಥವಾ ಕೊಟ್ಟ ಉತ್ತರ ಒಪ್ಪುವಂಥದ್ದಲ್ಲ ಎಂದಾದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಹೋಗು. ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. 14448ಕ್ಕೆ ಕರೆ ಮಾಡಿದರೆ ದಾರಿ ಹೇಳುತ್ತಾರೆ. ಜಿಲ್ಲಾ ಗ್ರಾಹಕ ಆಯೋಗವೂ ಇದೆ. 94,204 ರೂಪಾಯಿ ಕಳೆದುಕೊಂಡು 24 ಗಂಟೆಯೊಳಗೆ ಬ್ಯಾಂಕಿಗೆ ತಿಳಿಸಿದ್ದ ಅಸ್ಸಾಮಿನ ಗ್ರಾಹಕರೊಬ್ಬರ ಹಣವನ್ನು ಬ್ಯಾಂಕೇ ಕೊಡಬೇಕೆಂದು ಗುವಾಹಟಿ ಹೈಕೋರ್ಟ್ ಹೇಳಿತ್ತು. 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಯಾರಾದರೂ ‘ಆಗುವುದಿಲ್ಲ’ ಎಂದರೆ ಇದನ್ನು ನೆನಪಿಸು.

ಎಟಿಎಂನಲ್ಲಿ ನೋಟು ಬಾರದೆ ಖಾತೆಯಲ್ಲಿ ಮಾತ್ರ ಕಡಿತವಾದದ್ದು ಬೇರೆ ಬಾಬತ್ತು. ಅದು 5 ದಿನದಲ್ಲಿ ತಾನಾಗಿಯೇ ಮರಳಬೇಕು, ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ.

ಇನ್ನು ಕಷ್ಟದ ಮಾತು. ಯಾರದೋ ಸವಿಮಾತಿಗೆ ಮರುಳಾಗಿ ಅಪ್ಪನೇ ಒಟಿಪಿ ಹೇಳಿಬಿಟ್ಟಿದ್ದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ನಿಮ್ಮದೇ. ತಿಳಿಸಿದ ಮೇಲೆ ಹೋದ ಪ್ರತಿ ರೂಪಾಯಿ ಮಾತ್ರ ಬ್ಯಾಂಕಿನದು. ಆದ್ದರಿಂದ ನಾಚಿಕೆಯಿಂದ ಮುಚ್ಚಿಟ್ಟಷ್ಟೂ ನಷ್ಟ ಬೆಳೆಯುತ್ತದೆ. ಮನೆಯಲ್ಲಿ ಬೈಯುತ್ತಾರೆಂದು ಹೆದರಿ ಮೂರು ದಿನ ಊಟ ಬಿಟ್ಟು ಕೂತ ಹಿರಿಯರನ್ನು ಕೌಂಟರಿನಾಚೆ ಕಂಡಿದ್ದೇನೆ. ಬೈಯಬೇಡ ಮಗೂ. ‘ಯಾಕೆ ಹೇಳಿದಿರಿ’ ಎಂದು ಕೇಳುವ ಮೊದಲು ‘ಎಷ್ಟು ಹೊತ್ತಾಯಿತು’ ಎಂದು ಕೇಳು. ಇಲ್ಲೂ 1930 ಉಪಯೋಗಕ್ಕೆ ಬರುತ್ತದೆ. ತಡೆಹಿಡಿದ ಹಣವನ್ನು ನ್ಯಾಯಾಲಯದ ಆದೇಶದ ಮೇಲೆ ಬಿಡಿಸಿಕೊಳ್ಳಬಹುದು.

ಈ ಸಲ ಊರಿಗೆ ಹೋದಾಗ ಅಮ್ಮನ ಆಧಾರ್‌ನ ಬೆರಳಚ್ಚಿಗೆ ಎಂಆಧಾರ್ ಆ್ಯಪಿನಲ್ಲಿ ಬೀಗ ಹಾಕಿ ಬಾ. ಅವಳ ಮೊಬೈಲ್ ನಂಬರ್ ಆಧಾರ್‌ಗೆ ಜೋಡಣೆಯಾಗಿರಬೇಕು, ಇಲ್ಲದಿದ್ದರೆ ಮೊದಲು ಅದನ್ನು ಮಾಡಿಸು. ಬೀಗ ಹಾಕಿದ ಮೇಲೆ ನ್ಯಾಯಬೆಲೆ ಅಂಗಡಿಯಲ್ಲೂ ಬೆರಳು ನಡೆಯುವುದಿಲ್ಲ, ಅಕ್ಕಿ ತರುವ ದಿನ ಸ್ವಲ್ಪ ಹೊತ್ತು ತೆಗೆದುಕೊಡಬೇಕು. ಬೀಗ ತೆಗೆಯಲು ಬರುವ ಒಟಿಪಿ ಓದಿ ಹೇಳಲು ಪಕ್ಕದ ಮನೆಯವರನ್ನು ಕರೆಯಬೇಡವೆಂದು ಅಮ್ಮನಿಗೆ ಹೇಳು. ಅಂಗಡಿಗೆ ಹೊರಡುವ ಮುಂಚೆ ಅವಳು ನಿನಗೇ ಫೋನ್ ಮಾಡಲಿ. ಕೆಲಸದ ನಡುವೆಯೂ ಎತ್ತಿಕೋ.