ಬಾಟಲಿ ನೀರು ಸಾಕ್ಷಿಯಾಗದು

ಹೊನ್ನಾಳಿ, ಚನ್ನಗಿರಿ ಕಡೆಯಿಂದ ಬರುವ ಕಕ್ಷಿದಾರರು ಕೊಳಕು ನೀರಿನ ಬಾಟಲಿಯನ್ನೂ ಯಾವುದೋ ಲ್ಯಾಬಿನ ವರದಿಯನ್ನೂ ಮೇಜಿನ ಮೇಲಿಡುತ್ತಾರೆ. ವರದಿ ಮಾಡಿಸಿಕೊಟ್ಟ ಮಧ್ಯವರ್ತಿ ಆಗಲೇ ದುಡ್ಡು ಎಣಿಸಿಕೊಂಡಿರುತ್ತಾನೆ. ಕಾರ್ಖಾನೆ ಮೇಲಿನ ಕ್ರಿಮಿನಲ್ ಕೇಸಿನಲ್ಲಿ ಆ ಕಾಗದ ನಿಲ್ಲುವುದಿಲ್ಲ.

1974ರ ಜಲಮಾಲಿನ್ಯ ಕಾಯ್ದೆಯ 21ನೇ ಕಲಂ ಬಿಗಿಯಾಗಿದೆ. ಮಾದರಿ ತೆಗೆಯಬೇಕಾದವರು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಅಧಿಕಾರಿ. ಮಾಲೀಕರಿಗೆ ಸ್ಥಳದಲ್ಲೇ ನೋಟಿಸು ಕೊಡಬೇಕು, ಮಾದರಿಯನ್ನು ಎರಡು ಭಾಗ ಮಾಡಬೇಕು, ಮೊಹರು ಮಾಡಿ ಇಬ್ಬರೂ ಸಹಿ ಹಾಕಬೇಕು. ಇದರಲ್ಲಿ ಒಂದು ತಪ್ಪಿದರೂ ವರದಿ ಬಿದ್ದುಹೋಗುತ್ತದೆ. ಮಾಲೀಕ ಬೇಕೆಂದೇ ತಲೆಮರೆಸಿಕೊಂಡರೆ ಅಧಿಕಾರಿಯೊಬ್ಬರ ಸಹಿಯೇ ಸಾಕು. ‘ಮಾಲೀಕರಿಲ್ಲ’ ಎಂದು ವಾಪಸು ಹೋಗುವುದು ಬರೀ ನೆಪ. ಹಾಗೆಂದು ನಿಮ್ಮ ಬಾಟಲಿಯನ್ನು ಎಸೆಯಬೇಡಿ. ದಿನಾಂಕ ಹಾಕಿದ ಫೋಟೊ ಜೊತೆ ದೂರಿಗೆ ಲಗತ್ತಿಸಿ, ‘ಬಂದು ಮಾದರಿ ತೆಗೆಯಿರಿ’ ಎಂದು ಮಂಡಳಿಯ ದಾವಣಗೆರೆ ಪ್ರಾದೇಶಿಕ ಕಚೇರಿಗೆ ಬರೆಯಿರಿ.

ದೂರಿನಲ್ಲಿ ಯಾವ ನಿಯಮ ಮುರಿದಿದೆ ಎನ್ನಬೇಕು? ಸಾಮಾನ್ಯ ಮಾನದಂಡ ಕೇಂದ್ರದ 1986ರ ಪರಿಸರ ಸಂರಕ್ಷಣಾ ನಿಯಮಗಳಲ್ಲಿದೆ: ಹೊಳೆ, ಕೆರೆಗೆ ಬಿಡುವ ನೀರಿನಲ್ಲಿ ಬಿಒಡಿ (ಜೈವಿಕ ಆಮ್ಲಜನಕ ಬೇಡಿಕೆ) ಲೀಟರಿಗೆ 30 ಮಿಲಿಗ್ರಾಂ ಮೀರಬಾರದು. ಕೆಲವು ಉದ್ದಿಮೆಗೆ ಬೇರೆ ಅಳತೆಯಿದೆ. ರಾಜ್ಯ ಮಂಡಳಿ ಬಿಗಿಗೊಳಿಸಬಹುದು, ಸಡಿಲಿಸುವಂತಿಲ್ಲ. ಹೊಸ ನಿಯಮದ ಕರಡು ಗೆಜೆಟ್‌ನಲ್ಲಿ ಬಂದರೆ ಆಕ್ಷೇಪಣೆಗೆ ಸಾಮಾನ್ಯವಾಗಿ 60 ದಿನ ಸಿಗುತ್ತದೆ. ನಮ್ಮ ತಾಲ್ಲೂಕುಗಳಲ್ಲಿ ಅದನ್ನು ಡಂಗುರ ಸಾರಿ ಹೇಳುವವರಿಲ್ಲ. ಸಾರ್ವಜನಿಕ ಹಿತವೆಂದು ಕರಡು ಪ್ರಕಟಿಸದೆಯೇ ನೇರವಾಗಿ ನಿಯಮ ತರುವುದೂ ಉಂಟು.

ನಿಮಗೆ ಬೇಕಾದ ನಿಜವಾದ ಕಾಗದ ಆ ಕಾರ್ಖಾನೆಗೆ ಮಂಡಳಿ ಕೊಟ್ಟ ಸಮ್ಮತಿ ಪತ್ರ. ಎಷ್ಟು ನೀರು, ಎಲ್ಲಿಗೆ, ಹೇಗೆ ಬಿಡಬೇಕೆಂದು ಷರತ್ತುಗಳೆಲ್ಲ ಅದರಲ್ಲಿವೆ. ಜಲಮಾಲಿನ್ಯ ಕಾಯ್ದೆಯ 25ನೇ ಕಲಂ ಪ್ರಕಾರ ಅವುಗಳ ರಿಜಿಸ್ಟರನ್ನು ತೊಂದರೆಗೊಳಗಾದವರು ನೋಡಬಹುದು. ‘ಸಾಹೇಬರು ಮೀಟಿಂಗ್‌ನಲ್ಲಿದ್ದಾರೆ’ ಎಂದರೆ 10 ರೂಪಾಯಿಯ ಮಾಹಿತಿ ಹಕ್ಕು ಅರ್ಜಿ ಹಾಕಿ. ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಗೋಳೆಲ್ಲ ತುಂಬಿದರೆ ತಿರಸ್ಕರಿಸಲು ಅದೇ ಕಾರಣವಾಗುತ್ತದೆ.

ಜಗಳೂರಿನವರಿಗೆ ಒಂದು ಮಾತು. ‘ಹಳ್ಳ ಒಣಗಿದೆ, ಕೇಸೆಲ್ಲಿಂದ?’ ಎಂದು ಯಾರಾದರೂ ಅಂದರೆ ನಂಬಬೇಡಿ. ಜಲಮಾಲಿನ್ಯ ಕಾಯ್ದೆಯ ವ್ಯಾಖ್ಯೆಯಲ್ಲಿ ಒಣಗಿದ ಹಳ್ಳವೂ ಬರುತ್ತದೆ, ಬೋರ್‌ವೆಲ್‌ಗೆ ಬರುವ ಅಂತರ್ಜಲವೂ ಬರುತ್ತದೆ.

ದೂರಿಗೆ ಫಲ ಸಿಗದೆ ಚೆನ್ನೈನಲ್ಲಿರುವ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ದಕ್ಷಿಣ ಪೀಠಕ್ಕೆ ಹೋಗಲು, ತೊಂದರೆ ಮೊದಲು ಉಂಟಾದ ದಿನದಿಂದ 6 ತಿಂಗಳಷ್ಟೇ ಗಡುವು. ತಕ್ಕ ಕಾರಣವಿದ್ದರೆ ಇನ್ನು 60 ದಿನ. ಪರಿಹಾರ ಕೇಳಲು ಮಾತ್ರ 5 ವರ್ಷವಿದೆ. ಕಚೇರಿಗೆ ಅಲೆಯುತ್ತಾ ಕಳೆದ ತಿಂಗಳುಗಳನ್ನು ಯಾರೂ ವಾಪಸು ಕೊಡುವುದಿಲ್ಲ. ಮೊದಲ ದೂರಿಗೇ ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ; ಹಾಕದಿದ್ದರೆ ಅದೇ ದಿನ ಸ್ಪೀಡ್ ಪೋಸ್ಟ್ ಮಾಡಿ, ರಸೀದಿ ಜೋಪಾನವಾಗಿಡಿ.