ಔಷಧಕ್ಕೆ ಬಗ್ಗದ ಗುಣ ರೋಗಾಣುವಿಗೆ ಎಲ್ಲಿಂದ ಬರುತ್ತದೆ?



"ಹೋದ ಸಲ ಇದೇ ಟ್ಯೂಬಿಗೆ ಕೆಚ್ಚಲು ಬಾವು ವಾಸಿಯಾಗಿತ್ತು, ಈ ಸಲ ಏಕೆ ಆಗಲಿಲ್ಲ ಡಾಕ್ಟ್ರೇ?" ಎಂದು ಹಲವರು ಕೇಳುತ್ತೀರಿ. ಕಾರಣಗಳು ಹಲವಿರಬಹುದು. ಅವುಗಳಲ್ಲಿ ಮುಖ್ಯವಾದ ಒಂದನ್ನು ಇಲ್ಲಿ ತಿಳಿಯೋಣ.

ತಾಯಿಯ ಗುಣ ಕರುವಿಗೆ ಬರುತ್ತದೆ. ಪಕ್ಕದ ಗೂಟದ ಹಸುವಿನ ಗುಣ ಬರುವುದಿಲ್ಲ. ಬ್ಯಾಕ್ಟೀರಿಯಾಗಳಲ್ಲಿ ಹಾಗಲ್ಲ. ಅವು ಪಕ್ಕದ ಬ್ಯಾಕ್ಟೀರಿಯಾದ ಡಿಎನ್‌ಎಯನ್ನೂ ಪಡೆಯಬಲ್ಲವು. ಕೆಲವಂತೂ ಸತ್ತವುಗಳ ಡಿಎನ್‌ಎಯನ್ನೂ ಹೀರಿಕೊಳ್ಳುತ್ತವೆ.

1928ರಲ್ಲಿ ಲಂಡನ್ನಿನ ಫ್ರೆಡರಿಕ್ ಗ್ರಿಫಿತ್ ಇದನ್ನು ಮೊದಲು ಕಂಡರು. ನ್ಯುಮೋನಿಯಾ ತರುವ ಬ್ಯಾಕ್ಟೀರಿಯಾವನ್ನು ಬಿಸಿಮಾಡಿ ಕೊಂದು, ಅದೇ ಜಾತಿಯ ನಿರುಪದ್ರವಿ ಜೀವಂತ ತಳಿಯೊಡನೆ ಇಲಿಗಳಿಗೆ ಚುಚ್ಚಿದರು. ಇಲಿಗಳು ಸತ್ತವು. ಸಾಧು ತಳಿ ಸತ್ತದ್ದರ ಗುಣ ಪಡೆದು ಮಾರಕವಾಗಿತ್ತು. ಆ ಗುಣ ಹೊತ್ತ ವಸ್ತು ಡಿಎನ್‌ಎ ಎಂದು 1944ರಲ್ಲಿ ಏವರಿ ಮತ್ತು ಸಂಗಡಿಗರು ತೋರಿಸಿದರು.

ಈ ಬಾಗಿಲು ಸದಾ ತೆರೆದಿರುವುದಿಲ್ಲ. ನ್ಯುಮೋನಿಯಾದ ಆ ಬ್ಯಾಕ್ಟೀರಿಯಾ ಒಂದು ಸಣ್ಣ ಸಂಕೇತ ವಸ್ತುವನ್ನು ಹೊರಬಿಡುತ್ತದೆ. ಅವು ಕಿಕ್ಕಿರಿದಾಗ ಸಂಕೇತ ದಟ್ಟವಾಗಿ, ಡಿಎನ್‌ಎ ಎಳೆದುಕೊಳ್ಳುವ ವಂಶವಾಹಿಗಳು ಸ್ವಲ್ಪ ಹೊತ್ತು ಚಾಲೂ ಆಗುತ್ತವೆ. ಡಿಎನ್‌ಎಗೆ ಪೆಟ್ಟು ಕೊಡುವ ಕೆಲವು ಆ್ಯಂಟಿಬಯೋಟಿಕ್‌ಗಳೂ ಇದೇ ಬಾಗಿಲು ತೆರೆಸುವುದು ಪ್ರಯೋಗಾಲಯದಲ್ಲಿ ಕಂಡುಬಂದಿದೆ. ಇನ್ನೊಂದೆಡೆ, ಹಲವು ಬ್ಯಾಕ್ಟೀರಿಯಾಗಳಲ್ಲಿ ಗುರುತಿಲ್ಲದ ಪರಕೀಯ ಡಿಎನ್‌ಎಯನ್ನು ಕತ್ತರಿಸುವ ಕಿಣ್ವಗಳೆಂಬ ಕಾವಲೂ ಇದೆ.

ಸಗಣಿಯಲ್ಲಿರುವ ಇ. ಕೊಲೈನಂಥವು ಇನ್ನೊಂದು ದಾರಿ ಹಿಡಿಯುತ್ತವೆ: ಒಂದಕ್ಕೊಂದು ಅಂಟಿಕೊಂಡು, ಪ್ಲಾಸ್ಮಿಡ್ ಎಂಬ ಡಿಎನ್‌ಎ ಉಂಗುರದ ಪ್ರತಿಯನ್ನು ದಾಟಿಸುತ್ತವೆ. ಒಂದೇ ಉಂಗುರದಲ್ಲಿ ಹಲವು ಔಷಧಗಳನ್ನು ಎದುರಿಸುವ ಗುಣ ಇರಬಹುದು. ಹೀಗೆ ಗುಣ ಪಡೆದದ್ದು ಔಷಧ ಬಿದ್ದಾಗ ಉಳಿಯುತ್ತದೆ, ಉಳಿದವು ಸಾಯುತ್ತವೆ. ಖಾಲಿಯಾದ ಜಾಗದಲ್ಲಿ ಅದರದೇ ಸಂತತಿ ತುಂಬಿಕೊಳ್ಳುತ್ತದೆ.

ಆದ್ದರಿಂದ ನೀವು ಮಾಡಬೇಕಾದದ್ದು:

1. ಉಳಿದ ಟ್ಯೂಬು, ಪಕ್ಕದ ಮನೆಯವರು ಕೊಟ್ಟ ಇಂಜೆಕ್ಷನ್ ಬಳಸಬೇಡಿ. ವೈದ್ಯರು ಹೇಳಿದ ಪ್ರಮಾಣ, ಹೇಳಿದಷ್ಟು ದಿನ ಕೊಡಿ.

2. ಚಿಕಿತ್ಸೆಯಲ್ಲಿರುವ ಹಸುವಿನ ಹಾಲನ್ನು ಕರುವಿಗೆ ಕುಡಿಸಬೇಡಿ. ಕಾಯಿಸಿದರೆ ರೋಗಾಣು ಸಾಯಬಹುದು. ಔಷಧದ ಅಂಶ ಪೂರ್ತಿ ಹೋಗುವುದಿಲ್ಲ. ಕರುವಿನ ಹೊಟ್ಟೆಯಲ್ಲಿ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳೇ ಹೆಚ್ಚುತ್ತವೆ. ವೈದ್ಯರು ಹೇಳಿದ ಅವಧಿ ಮುಗಿಯುವವರೆಗೆ ಆ ಹಾಲನ್ನು ಸಂಘಕ್ಕೂ ಹಾಕಬೇಡಿ.

3. ಬಾವು ಬಂದ ಹಸುವನ್ನು ಕೊನೆಗೆ ಕರೆಯಿರಿ. ಕೆಟ್ಟ ಹಾಲನ್ನು ಕೊಟ್ಟಿಗೆಯ ನೆಲಕ್ಕೆ ಹಿಂಡದೆ, ಪಾತ್ರೆಗೆ ಹಿಂಡಿ ದೂರ ವಿಲೇವಾರಿ ಮಾಡಿ.

4. ಬಾವು ಮತ್ತೆ ಮತ್ತೆ ಬಂದರೆ, ಔಷಧ ಕೊಡುವ ಮೊದಲೇ ಹಾಲಿನ ಮಾದರಿ ಪರೀಕ್ಷೆಗೆ ಕೊಡಿ. ಯಾವ ಔಷಧ ನಾಟುತ್ತದೆ ಎಂಬುದು ಅದರಿಂದ ತಿಳಿಯುತ್ತದೆ.

ಬಾವು ಬಾರದ ಹಸುವಿಗೆ ಆ್ಯಂಟಿಬಯೋಟಿಕ್ ಬೇಕಾಗುವುದಿಲ್ಲ. ಕರೆದ ನಂತರ ಮೊಲೆತೊಟ್ಟುಗಳನ್ನು ಅಯೋಡಿನ್ ದ್ರಾವಣದಲ್ಲಿ ಅದ್ದುವುದನ್ನು ಇಂದಿನಿಂದಲೇ ರೂಢಿ ಮಾಡಿಕೊಳ್ಳಿ.